ಗೇಟು ದಾಟಿದರೆ ರೇಡಿಯೋ ಬಂದ್

ಜನವರಿ 8

ಬೆಳಗ್ಗೆಯಿಂದ ಬೈಕು ತೊಳೆದೂ ತೊಳೆದೂ ಬೆರಳೆಲ್ಲ ಬಿಳಿಚಿಕೊಂಡಿವೆ. ತಂಗಿಯನ್ನು ಶಾಲೆಯಿಂದ ಕರೆತರಲು ಹೊರಟರೆ ವಾಟರ್ ಸರ್ವಿಸ್ ಓನರ್ ಎಂದಿನಂತೆ ಗೊಣಗಿದ. ಕೇಳಿಸಲಿಲ್ಲ ಅನ್ನುವ ಹಾಗೆ ಹೊರಟೆ. ಕೇಳಿಸಿತ್ತು.

ದಾರಿಯುದ್ದಕ್ಕೂ ಅವಳ ಬಾಯಿಗೆ ಬೀಗವಿಲ್ಲ. ಮೋರಿ ಪಕ್ಕದ ಬೆಕ್ಕಿಗೆ ಮದುವೆಯಾಗಿದೆಯಾ, ಚಂದ್ರನಿಗೆ ಬೆನ್ನಿದೆಯಾ, ನನ್ನ ಬೆರಳು ಯಾಕೆ ಅಜ್ಜನ ಥರ ಸುಕ್ಕಾಗಿದೆ... ಲಾರಿ ಓಡಿಸುವ ಅಪ್ಪ ಅವಳಿಗೆ ರೇಡಿಯೋ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆದರೆ ಇದೆಲ್ಲ ಗೇಟಿನ ಹೊರಗೆ. ಒಳಗೆ ಹೋದರೆ ಬಂದ್. ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಒಂದಕ್ಷರ ಆಡಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದೂ ಕೇಳುವುದಿಲ್ಲ. ಇವತ್ತೂ ಚೀಲದಲ್ಲಿ ಒದ್ದೆ ಬಟ್ಟೆ.

ಹೆಡ್ ಮಿಸ್ ಕರೆಸಿದ್ದರು. ಅಮ್ಮನಿಗೆ ಕಾರ್ಖಾನೆಯ ಶಿಫ್ಟು. ನಾನೇ ಹೋದೆ.

"ನೋಡಪ್ಪಾ, ಮಾರ್ಚಲ್ಲಿ ಪರೀಕ್ಷೆ. ಬಾಯೇ ಬಿಡ್ದಿದ್ರೆ ನಾನೇನು ಮಾರ್ಕ್ಸ್ ಹಾಕ್ಲಿ? ಮಾತು ಬರದ ಮಕ್ಕಳಿಗೆ ಬೇರೆ ಸ್ಕೂಲಿದೆ. ಮುಂದಿನ ವರ್ಷ ಅಲ್ಲಿ ಸೇರಿಸಿ."

"ಅವಳಿಗೆ ಮಾತು ಬರತ್ತೆ ಮಿಸ್."

"ಎಲ್ಲಿ? ನಾನಂತೂ ಕೇಳಿಲ್ಲ."

ನಿಜ. ಅವರು ಕೇಳಿಲ್ಲ.

ಕ್ಲಾಸ್ ಮಿಸ್ ಗೇಟಿನ ತನಕ ಹಿಂದೆಯೇ ಬಂದರು. ಮೊಣಕೈವರೆಗೆ ಚಾಕ್ ಪುಡಿ. ನನಗಿಂತ ಸುಸ್ತಾದ ಮುಖ.

"ಅದು ಹಟ ಅಲ್ಲ ಕಣಪ್ಪಾ, ಹೆದರಿಕೆ. ಗಂಟಲು ಕಟ್ಟಿಬಿಡತ್ತೆ ಅವಳಿಗೆ. ಬೆಲ್ ಹೊಡೆಯೋಕೆ ಮುಂಚೆ ಕ್ಲಾಸು ಖಾಲಿ ಇರತ್ತೆ. ನೀನು ದಿನಾ ಬಂದು ಅಲ್ಲಿ ಅವಳ ಜೊತೆ ಆಟ ಆಡ್ತೀಯಾ? ನಾನು ಹೊರಗಿರ್ತೀನಿ. ಮೆಲ್ಲಗೆ ಹತ್ರ ಬರ್ತೀನಿ."

"ನಾನು ಸ್ಕೂಲು ಬಿಟ್ಟವನು ಮಿಸ್."

"ಪಾಠ ಮಾಡು ಅಂತ ಕರೀತಿಲ್ಲಪ್ಪಾ."

ಜನವರಿ 9

ನಿದ್ದೆ ಸರಿಯಾಗಿ ಬರಲಿಲ್ಲ. ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಟ್ಟದ್ದನ್ನು ನಾನು ಎಲ್ಲರೆದುರು ಹೇಳಿಬಿಟ್ಟೆ, ಅದಕ್ಕೇ ಓದು ನಿಂತಿತು — ಅಮ್ಮ ಬೀದಿಯಲ್ಲೆಲ್ಲ ಹೀಗೆ ಹೇಳಿಕೊಂಡು ಬಂದಿದ್ದಾಳೆ. ಅದು ಅರ್ಧ. ಇನ್ನರ್ಧ, ಗಣಿತ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಗೇಟು ದಾಟಿದೆ, ತಿರುಗಿ ಹೋಗಲಿಲ್ಲ. ಆಮೇಲೆ ಯಾವ ಕೆಲಸದಲ್ಲೂ ಕಾಲು ನಿಂತಿಲ್ಲ.

ಈಗ ದಿನಾ ಬೆಳಗ್ಗೆ ಶಾಲೆಯಂತೆ. ಓನರ್‌ಗೆ ಹೇಳಿದೆ, ಬೆಳಗಿನ ಪಾಳಿ ಬೇಡ, ಮಧ್ಯಾಹ್ನದಿಂದ ಬರುತ್ತೇನೆ ಎಂದು. "ಇನ್ನೇನು, ಚಡ್ಡಿ ಹಾಕ್ಕೊಂಡು ಹೋಗು" ಎಂದ.

ಜನವರಿ 11

ಒಂದನೇ ಕ್ಲಾಸಿನ ಕುರ್ಚಿಯಲ್ಲಿ ಕೂತರೆ ಮಂಡಿ ಕಿವಿಗೆ ಬರುತ್ತದೆ. ಖಾಲಿ ಕೋಣೆ. ಬ್ಲಾಕ್ಸ್ ಜೋಡಿಸಿದೆವು. ಅವಳು ಕೈಸನ್ನೆ ಮಾಡುತ್ತಿದ್ದಳು. ಕೊನೆಗೆ ನನ್ನ ಕಿವಿಯಲ್ಲಿ—

"ಇಲ್ಲಿ ಮಾತಾಡ್ಬಾರ್ದು ಅಣ್ಣ."

"ಯಾರು ಹೇಳಿದ್ದು?"

"ಯಾರೂ ಇಲ್ಲ. ಬಾಯೇ ಹೇಳತ್ತೆ."

ಕಾರಿಡಾರಿನಲ್ಲಿ ಮಿಸ್ ಚಪ್ಪಲಿಯ ಸದ್ದು. ಮುಗಿಯಿತು. ಕಲ್ಲು.

ಜನವರಿ 19

ಬೈಸಿಕೊಂಡೆ. ಮಿಸ್ ಬಾಗಿಲಲ್ಲಿ ನಿಂತು, "ಯಾವ ಬಣ್ಣ ಬೇಕಮ್ಮ?" ಎಂದರು. ನಾನು ತಕ್ಷಣ, "ಅವಳಿಗೆ ಹಸಿರು ಇಷ್ಟ ಮಿಸ್."

ಅವಳು ಬ್ಲಾಕ್ಸ್ ಎತ್ತಿಡಲು ಹೋದಾಗ ಮಿಸ್ ನನ್ನನ್ನು ಹೊರಗೆ ಕರೆದರು. "ನಾನು ನಿನ್ನ ಕೇಳಿದ್ನಾ? ಅವಳ ಬಾಯಿ ನೀನಾದ್ರೆ ಅವಳಿಗೆ ಬಾಯಿ ಯಾಕೆ ಬೇಕು? ಸುಮ್ನಿರೋದು ಕಲಿ."

ಸಿಟ್ಟು ಬಂತು. ಆದರೆ ಸಂಜೆ ಅಂಗಡಿಯವನು ಅವಳನ್ನು "ಯಾವ ಬಿಸ್ಕೆಟ್ ಪುಟ್ಟಾ?" ಎಂದು ಕೇಳಿದಾಗ ಉತ್ತರ ಕೊಟ್ಟವನೂ ನಾನೇ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಬಿಸ್ಕೆಟ್ ಕೈಗೆ ಬಂದಿತ್ತು. ಅಮ್ಮನೂ ಹೀಗೇ. ಅಪ್ಪನೂ. ಬಾಯಿ ಮುಚ್ಚಿಕೊಂಡಿರುವುದು ವ್ಯಾನು ತೊಳೆಯುವುದಕ್ಕಿಂತ ಕಷ್ಟ.

ಜನವರಿ 30

ಮಿಸ್ ಈಗ ಒಳಗೇ, ಮೂಲೆಯ ಮೇಜಿನಲ್ಲಿ ನೋಟ್‌ಬುಕ್ಕು ತಿದ್ದುತ್ತಾರೆ. ಇತ್ತ ತಿರುಗಿಯೂ ನೋಡುವುದಿಲ್ಲ. ರೇಡಿಯೋ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತದೆ. ಪಿಸುಗುಟ್ಟಿದರೂ ಮಾತೇ.

ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಬೇಗ ಬರಲು ಶುರು ಮಾಡಿದ್ದಾಳೆ. ನನ್ನನ್ನು ಸುತ್ತು ಹಾಕಿ ನೋಡಿದಳು. "ನೀನು ಎಷ್ಟು ಸಲ ಫೇಲು?"

"ಲೆಕ್ಕ ಇಟ್ಟಿಲ್ಲ."

ತಂಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಶಾಲೆಯೊಳಗೆ.

ಫೆಬ್ರವರಿ 2

ಕೆಟ್ಟಿತು. ಎಲ್ಲ ಕೆಟ್ಟಿತು.

ಅಮ್ಮ ನಿನ್ನೆ ಅಡುಗೆಮನೆಯಲ್ಲಿ ಫೋನನ್ನು ಡಬ್ಬದ ಹಿಂದಿಟ್ಟು ಅವಳ ಮಾತು ರೆಕಾರ್ಡ್ ಮಾಡಿದ್ದಾಳೆ. ಬೆಳಗ್ಗೆ ಶಿಫ್ಟಿಗೆ ಮೊದಲು ನಮ್ಮ ಜೊತೆಗೇ ಬಂದು ಹೆಡ್ ಮಿಸ್ ಆಫೀಸಿನಲ್ಲಿ ಹಾಕಿ ಕೇಳಿಸಿದಳು. ಬಾಗಿಲು ತೆರೆದಿತ್ತು. ನಾವಿಬ್ಬರೂ ಹೊರಗೇ ನಿಂತಿದ್ದೆವು. ತನ್ನ ದನಿ ತನಗೇ ಕೇಳಿ ತಂಗಿ ನನ್ನ ಪ್ಯಾಂಟು ಹಿಡಿದುಕೊಂಡಳು. ಹಿಡಿ ಬಿಡಿಸಲು ಆಗಲಿಲ್ಲ.

ಹೆಡ್ ಮಿಸ್, "ಮನೇಲಿ ಆಡಿದ್ರೆ ಏನು ಬಂತು? ಇಲ್ಲಿ ಆಡ್ಲಿ" ಎಂದರು. ಅಷ್ಟಕ್ಕೇ ಮುಗಿಯಿತು.

ಫೆಬ್ರವರಿ 4, ಭಾನುವಾರ

ಮನೆಯಲ್ಲೂ ಬಂದ್. ಹಸಿವು, ಬಾಯಾರಿಕೆ, ಎಲ್ಲ ಬೆರಳಲ್ಲಿ. ಅಪ್ಪ ಫೋನ್ ಮಾಡಿದಾಗ ಕಿವಿಗೆ ಹಿಡಿದು ಕೇಳಿಸಿಕೊಂಡಳು, ಹೂಂಗುಡಲಿಲ್ಲ. "ಹಲೋ... ಹಲೋ... ಲೈನ್ ಕಟ್ಟಾಯ್ತಾ?" ಅಪ್ಪನಿಗೆ ಗೊತ್ತಿಲ್ಲ ಪಾಪ. ಕುಕ್ಕರ್ ಸದ್ದು ಇಷ್ಟು ಜೋರೆಂದು ನನಗೆ ಗೊತ್ತೇ ಇರಲಿಲ್ಲ.

ಅಮ್ಮ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ, "ಫೋನು ತಾನಾಗೇ ಆನ್ ಆಗಿತ್ತು ಅಂತ ಹೇಳೋ. ನಿನ್ನ ಮಾತು ನಂಬ್ತಾಳೆ."

"ಅದಕ್ಕೇ ಹೇಳಲ್ಲ."

"ಅಯ್ಯೋ ಸತ್ಯವಂತಾ! ನಿನ್ನ ಸತ್ಯದಿಂದ ನಿನ್ನ ಓದು ಉದ್ಧಾರ ಆಗಿದ್ದು ನೋಡಿದ್ದೀನಲ್ಲ. ಈಗ ಅವಳದ್ದೂ ಮುಗಿಸು." ಆಮೇಲೆ ಪಾತ್ರೆ ಬಿಟ್ಟು ಅಲ್ಲೇ ಕೂತು ಅತ್ತಳು. "ಅವಳನ್ನ ಮೂಗಿ ಅಂತಾರೆ ಕಣೋ. ನಾನೇನ್ ಮಾಡ್ಲಿ?"

ತಂಗಿಯ ಪಕ್ಕ ಹೋಗಿ ಮಲಗಿದೆ. ಮೇಲೆ ಫ್ಯಾನು.

"ಫೋನಲ್ಲಿ ರೆಕಾರ್ಡ್ ಮಾಡಿದ್ದು ಅಮ್ಮ. ನಿನ್ನ ಕೇಳ್ದೇ ಮಾಡಿದ್ಲು. ತಪ್ಪು. ಹೆದರಿ ಮಾಡಿದ್ಲು. ಹೆಡ್ ಮಿಸ್ ಕೇಳಿದ್ರು. ನಿನ್ನ ಮಿಸ್ ಕೇಳಿಲ್ಲ."

ಫ್ಯಾನು ತಿರುಗಿತು.

"ನೀನು ಒಳಗೆ ಹೋದ್ಮೇಲೆ ಅಮ್ಮ ನಿನ್ನ ಮಿಸ್ಸಿಗೂ ಫೋನು ಕೊಡೋಕೆ ಹೋದ್ಲು. ಬೇಡ ಅಂದ್ರು. ಅದು ಅವಳ ಮಾತು, ಅವಳೇ ಕೊಟ್ಟಾಗ ಕೇಳ್ತೀನಿ ಅಂದ್ರು. ನಾನಲ್ಲೇ ಇದ್ದೆ."

ಅವಳು ಗೋಡೆಯ ಕಡೆ ತಿರುಗಿ—

"ನಿಜವಾಗ್ಲೂ ಕೇಳಿಲ್ವಾ?"

"ನಾನು ಯಾವಾಗ ಸುಳ್ಳು ಹೇಳಿದ್ದೀನಿ?"

"ಬೆಕ್ಕಿಗೆ ಮದುವೆ ಆಗಿದೆ ಅಂದಿದ್ದೆ."

ಫೆಬ್ರವರಿ 9

ಬ್ಲಾಕ್ಸ್ ಗೋಪುರ ಬಿತ್ತು. "ಥೂ, ಅಣ್ಣ, ನಿನ್ನ ಮೊಣಕೈ!" ಎಂದಳು. ಪಿಸುಮಾತಲ್ಲ. ಮನೆಯ ದನಿ. ಮಿಸ್ ಮೂಲೆಯಲ್ಲೇ ಇದ್ದರು. ತಲೆ ಎತ್ತಲಿಲ್ಲ. ಆದರೆ ಕೆಂಪು ಪೆನ್ನು ನೋಟ್‌ಬುಕ್ಕಿನ ಮೇಲೆ ಹಾಗೇ ನಿಂತಿತ್ತು.

ಫೆಬ್ರವರಿ 27

ಬರೆಯಲು ಪುರುಸೊತ್ತಿಲ್ಲ. ಬೆಳಗ್ಗೆ ಶಾಲೆ, ಮಧ್ಯಾಹ್ನದಿಂದ ಕತ್ತಲಾಗುವವರೆಗೆ ನೀರು. ಸೊಂಟ ನನ್ನದಲ್ಲ.

ಬೆಲ್ ಹೊಡೆದ ಮೇಲೂ ಮೊದಲ ಪೀರಿಯಡ್ ಮುಗಿಯುವವರೆಗೆ ಅವಳ ಪಕ್ಕದಲ್ಲಿ ಕೂರುತ್ತೇನೆ ಈಗ. ಮಕ್ಕಳೆದುರು ಅವಳು ಮತ್ತೆ ಮೌನ. ತುಟಿ ಮಾತ್ರ ಅಲ್ಲಾಡುತ್ತದೆ. ಮಕ್ಕಳಿಗೆ ನಾನು ಅಭ್ಯಾಸವಾಗಿದ್ದೇನೆ. ಬೆನ್ನ ಮೇಲೆ ಹತ್ತುತ್ತಾರೆ. ಪೆನ್ಸಿಲ್ ಚೂಪು ಮಾಡಿಸಿಕೊಳ್ಳುತ್ತಾರೆ. ಹಲ್ಲಿಲ್ಲದವಳು ಹಾಜರಿ ಕರೆದಾಗ ನಾನು ಎಸ್ ಮಿಸ್ ಅಂದಿಲ್ಲ ಎಂದು ಚಾಡಿ ಹೇಳಿದಳು.

ಕಳೆಯುವ ಲೆಕ್ಕದಲ್ಲಿ ಹತ್ತರ ಸ್ಥಾನದಿಂದ ಸಾಲ ತರುವುದನ್ನು ಮಿಸ್ ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಿದರು. ಓಹೋ, ಇಷ್ಟೇನಾ! ನನಗೆ ಯಾರೂ ಕಟ್ಟು ಬಿಚ್ಚಿ ತೋರಿಸಿರಲಿಲ್ಲ. ಅಥವಾ ತೋರಿಸಿದಾಗ ನಾನು ಕಿಟಕಿ ನೋಡುತ್ತಿದ್ದೆನೋ ಏನೋ.

ಮುಂದಿನ ವಾರ ಓದಿಸುವ ಪರೀಕ್ಷೆ. ಓನರ್ ನನ್ನ ಜಾಗಕ್ಕೆ ಬೇರೊಬ್ಬ ಹುಡುಗನನ್ನು ನೋಡಿದ್ದಾನೆ.

ಮಾರ್ಚ್ 5

ಆದದ್ದು ಆದ ಹಾಗೆ ಬರೆಯುತ್ತೇನೆ.

ಓದಿಸುವ ಪರೀಕ್ಷೆಗೆ ಇನ್ನೂ ಎರಡು ದಿನ. ಮಿಸ್ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹಲ್ಲಿಲ್ಲದವಳು ಚೀಲ ಹೊತ್ತು ಬಂದು ನಮ್ಮ ಮೇಜಿನ ಎದುರು ನಿಂತಳು. ತಂಗಿಯ ಪಕ್ಕ ಕೂರಬೇಕಂತೆ. ಅಲ್ಲಿ ನಾನಿದ್ದೆ. ನಾನು ಎಂದಿನಂತೆ ಬಾಯಿ ತೆರೆದೆ — ನಾಳೆ ಕೂತ್ಕೊ ಪುಟ್ಟಾ ಎನ್ನಲು. ಅಷ್ಟರಲ್ಲಿ,

"ಅಣ್ಣ, ನೀನು ಹೋಗು. ಅವಳು ಕೂತ್ಕೋತಾಳೆ."

ಇಡೀ ಕ್ಲಾಸು ತಿರುಗಿತು. ಹಿಂದಿನ ಸಾಲಿನಿಂದ ಒಬ್ಬ "ಏ, ಮಾತಾ—" ಎಂದು ಶುರು ಮಾಡಿದ. ಮಿಸ್ ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು, "ಎಲ್ಲರೂ ಮೂರನೇ ಸಾಲು ಬರ್ಕೊಳ್ಳಿ" ಎಂದರು. ಚಾಕ್ ಮುರಿದಿತ್ತು. ತುಂಡಿನಲ್ಲೇ ಬರೆದರು. ಅಕ್ಷರ ಸೊಟ್ಟಗೆ ಹೋಯಿತು.

ಎದ್ದೆ. ಕುರ್ಚಿ ನನ್ನ ಜೊತೆಗೇ ಎದ್ದಿತು. ಎಲ್ಲರೂ ನಕ್ಕರು. ಅವಳೂ. ಬಾಯಿಗೆ ಕೈ ಅಡ್ಡ ಇಡದೆ.

ಕಾರಿಡಾರಿನಲ್ಲಿ ಹೆಡ್ ಮಿಸ್ ಎದುರಾದರು. "ಏನಪ್ಪಾ, ಇವತ್ತಾದ್ರೂ ಬಾಯಿ ಬಿಟ್ಲಾ?"

"ಬಿಟ್ಲು ಮಿಸ್."

"ಹೌದಾ! ಏನಂದ್ಲು?"

"ಹೋಗು ಅಂದ್ಲು."

ಅವರಿಗೆ ಅರ್ಥವಾಗಲಿಲ್ಲ. ಗೇಟಿನ ತನಕ ನಡೆದೆ. ಸಂತೋಷವಾಯಿತು ಎಂದಷ್ಟೇ ಬರೆದರೆ ಅರ್ಧ ಸುಳ್ಳು.

ಮಾರ್ಚ್ 6, ಬೆಳಗ್ಗೆ

ಅದೇ ಹೊತ್ತಿಗೆ ಎಚ್ಚರ. ಅದೇ ಶರ್ಟು ಹಾಕಿಕೊಂಡೆ. ಗೇಟಿನಲ್ಲಿ ಅವಳು ಕೈ ಬಿಡಿಸಿಕೊಂಡು ಓಡಿದಳು. ಹಲ್ಲಿಲ್ಲದವಳು ಕಾಯುತ್ತಿದ್ದಳು. ತಿರುಗಿ ನೋಡುತ್ತಾಳೇನೋ ಎಂದು ನಿಂತೆ. ನೋಡಲಿಲ್ಲ. ಒಳ್ಳೆಯದೇ.

ಮನೆಗೆ ಬಂದರೆ ಅಮ್ಮ ಶಿಫ್ಟಿಗೆ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತಾ ಕೇಳಿದಳು, "ಇನ್ನು ಬೆಳಗ್ಗೆ ಬಿಡುವಾಯ್ತಲ್ಲ. ಏನ್ ಮಾಡ್ತೀಯಾ?"

"ನೋಡೋಣ" ಎಂದೆ. ಅದು ಉತ್ತರವಲ್ಲ. ನಿಜ ಹೇಳಬೇಕೆಂದರೆ, ಆ ಸಣ್ಣ ಕುರ್ಚಿಯಲ್ಲಿ ಕೂತು ಕೂತು ನನಗೂ ಬಿಟ್ಟ ಗಣಿತವನ್ನು ಇನ್ನೊಮ್ಮೆ—