ನಾಲ್ಕು ಬೆರಳು ಕಡಿಮೆ ಬಿದ್ದ ಚೌಕಟ್ಟು

ದೇವಾಪುರ, ತಾ. ಸುರಪುರ
ಸೋಮವಾರ, ೬ ಫೆಬ್ರವರಿ ೨೦೧೭

ಪ್ರೀತಿಯ ಮಾಳಮ್ಮಕ್ಕನಿಗೆ ತಮ್ಮ ಬೀರಣ್ಣನ ನಮಸ್ಕಾರಗಳು.

ಮೊಣಕಾಲು ಹೇಗಿದೆ ಅಕ್ಕಾ? ಗದ್ದೆಯ ಕೆಸರಿನಲ್ಲಿ ನಿಂತು ನಿಂತು ನೋವು ಹೆಚ್ಚಾಗಿದೆ ಎಂದು ಹುಣಸಗಿ ಬಸ್ಸಿನ ಕಂಡಕ್ಟರ್ ಹೇಳಿದ. ನನ್ನ ಸ್ವಂತ ಅಕ್ಕನ ಮೊಣಕಾಲಿನ ಸುದ್ದಿಯನ್ನು ಕಂಡಕ್ಟರನ ಬಾಯಲ್ಲಿ ಕೇಳುವ ಹಣೆಬರಹ ನನ್ನದು. ಕಾಲುವೆಗೆ ನೀರು ಬಿಟ್ಟಾಗಿನಿಂದ ಮಾವನವರು ಮನೆಗಿಂತ ಬದುವಿನ ಮೇಲೇ ಹೆಚ್ಚು ಇರುತ್ತಾರಂತೆ, ರಾತ್ರಿ ತಂಪಿಗೆ ಕೆಮ್ಮು ಬಂದೀತು, ಕಿವಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳು. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಪತ್ರ ಯಾಕೆ ಬರೆದ ಇವನು, ಫೋನಿಲ್ಲವೇ ಎಂದು ಕೇಳಬೇಡ. ನನ್ನ ನಂಬರು ಕಂಡರೆ ಎರಡನೇ ರಿಂಗಿಗೆ ಕಟ್ ಮಾಡುತ್ತೀ. ಮೊನ್ನೆ ನಮ್ಮ ಉಸ್ತಾದ್ ಸುಲ್ತಾನಸಾಬರ ಫೋನಿನಿಂದ ಮಾಡಿದೆ. ನೀನು "ಯಾರ್ರಿ?" ಅಂದೆ, ನಾನು "ಅಕ್ಕಾ" ಅಂದೆ, ಅಷ್ಟಕ್ಕೇ ಮುಗಿಯಿತು. ಅದಕ್ಕೇ ಈ ರಿಜಿಸ್ಟರ್ ಪತ್ರ. ಇದನ್ನು ಕಟ್ ಮಾಡಲು ಬರುವುದಿಲ್ಲ, ಸಹಿ ಹಾಕಿ ತೆಗೆದುಕೊಳ್ಳಲೇಬೇಕು. ಒಲೆಗೆ ಹಾಕುವುದಿದ್ದರೂ ಓದಿ ಹಾಕು.

ಸುದ್ದಿ ಏನೆಂದರೆ ಹೊಸ ಮನೆ ಮುಗಿಯಿತು. ಬರುವ ಹದಿನಾರಕ್ಕೆ, ಗುರುವಾರ, ಗೃಹಪ್ರವೇಶದ ವಾಸ್ತು. ಅಪ್ಪ ಒಂದೇ ಹಟ ಹಿಡಿದು ಕೂತಿದ್ದಾನೆ. "ಮನಿ ಮಗಳು ಆರತಿ ಹಿಡೀಲಾರ್ದ ನಾ ಹೊಸ್ತಿಲಾ ದಾಟಂಗಿಲ್ಲ. ಕುರಿ ದೊಡ್ಡ್ಯಾಗ ಮಲಗತೀನಿ" ಅನ್ನುತ್ತಾನೆ. ಬರೀ ಬಾಯಿಮಾತು ಅಂದುಕೊಂಡಿದ್ದೆವು. ನಿನ್ನೆ ನೋಡಿದರೆ ಕಂಬಳಿ, ತಂಬಿಗೆ, ಎಲೆ ಅಡಿಕೆ ಚೀಲ ಎಲ್ಲವನ್ನೂ ದೊಡ್ಡಿಗೆ ಸಾಗಿಸಿಬಿಟ್ಟಿದ್ದಾನೆ. ನೀನು ಬರದಿದ್ದರೆ ಕಟ್ಟಿದ ಮನೆಯೊಳಗೆ ನಾವು, ಕುರಿಗಳ ಜೊತೆ ಅಪ್ಪ. ಹೇಗಿರುತ್ತದೆ ಹೇಳು! ತಮ್ಮ ಗುರಣ್ಣನ ಮದುವೆಯಲ್ಲಿ ಫೋಟೊ ತೆಗೆಯುವಾಗ ನಿನ್ನನ್ನು ಕುರ್ಚಿಯಿಂದ ಎಬ್ಬಿಸಿ, ಬೀಗರ ದೊಡ್ಡತ್ತೆಯನ್ನು ಅಲ್ಲಿ ಕೂರಿಸಿ, ನಿನ್ನನ್ನು ಅಂಚಿಗೆ ನಿಲ್ಲಿಸಿದ್ದು ತಪ್ಪೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. "ಹೊಸಾ ಬೀಗರು ಸಿಕ್ಕ ಕೂಡ್ಲೆ ಹೆತ್ತ ಮಗಳು ಬ್ಯಾಡಾದ್ಲೇನವ್ವಾ?" ಎಂದು ನೀನು ಹಂದರದಲ್ಲಿ ಎಲ್ಲರೆದುರೇ ಅವ್ವನನ್ನು ಕೇಳಿ, ಒಂದು ತುತ್ತೂ ಉಣ್ಣದೆ ಬಸ್ಸು ಹತ್ತಿದೆ. ನಾಲ್ಕು ವರ್ಷವಾಯಿತು. ಅವ್ವ ಈಗಲೂ ಹೋಳಿಗೆ ಮಾಡಿದ ದಿನ ಎರಡು ತೆಗೆದಿಟ್ಟು, ಮರುದಿನ ತಾನೇ ತಿನ್ನುತ್ತಾಳೆ.

ಈಗ ಆ ಫೋಟೊದ ಕಥೆಗೇ ಬರುತ್ತೇನೆ. ಹೊಸ್ತಿಲ ಹೊರಗಿನ ಪಡಸಾಲೆಯ ಗೋಡೆಗೆ ಅಪ್ಪ ತಾನೇ ಒಂದು ಮೊಳೆ ಹೊಡೆದು, "ಇಲ್ಲಿ ನಮ್ಮ ಮಂದಿ ಎಲ್ಲಾ ಇರೂ ಫೋಟೊ ಬೇಕು" ಅಂದ. ನಮ್ಮ ಮಂದಿ ಎಲ್ಲಾ ಇರುವ ಫೋಟೊ ಅಂದರೆ ಅದೊಂದೇ. ಮೂರು ಅಡಿ ಅಗಲ ದೊಡ್ಡದು ಮಾಡಿಸಿ ಸುತ್ತಿಟ್ಟದ್ದು ಟ್ರಂಕಿನ ತಳದಲ್ಲಿತ್ತು. ಸ್ಟುಡಿಯೊದಲ್ಲಿ ಇನ್ನೊಂದು ಪ್ರತಿ ಕೇಳಿದರೆ ಕಂಪ್ಯೂಟರ್ ಕೆಟ್ಟು ಆ ವರ್ಷದ ಮದುವೆಗಳೆಲ್ಲ ಹೋದವು ಅಂದರು. ಬಲತುದಿಯ ಕುರ್ಚಿಯಲ್ಲಿ ಅಪ್ಪ, ಅವನ ಪಕ್ಕದಲ್ಲಿ ಎಲ್ಲರಿಗಿಂತ ಆಚೆ ಅವನ ಹೆಗಲ ಮೇಲೆ ಕೈಯಿಟ್ಟು ನಾನು. ನಡುವೆ ಗುರಣ್ಣ, ಅವನ ಹೆಂಡತಿ, ಅವ್ವ, ಬೀಗರು. ಎಡಕ್ಕೆ ಕುರ್ಚಿ ತುಂಬ ದೊಡ್ಡತ್ತೆ, ಆಮೇಲೆ ಅಂಚಿನಲ್ಲಿ ನೀನು. ಎಲ್ಲರೂ ಕ್ಯಾಮೆರಾ ನೋಡಿದರೆ ನೀನು ಮಾತ್ರ ಬಸ್‌ಸ್ಟ್ಯಾಂಡ್ ಕಡೆ ನೋಡುತ್ತಿದ್ದೀ. ಚೌಕಟ್ಟನ್ನು ನಾನೇ ಮಾಡುತ್ತೇನೆ, ಪೇಟೆಯದು ಬೇಡ ಎಂದು ಎದೆ ತಟ್ಟಿಕೊಂಡು ಹೇಳಿದೆ. ಹಾಗೆ ಹೇಳದಿದ್ದರೆ ಎಷ್ಟು ಚೆನ್ನಾಗಿತ್ತು.

ನಾನು ಎರಡು ವರ್ಷದಿಂದ ಸುರಪುರದಲ್ಲಿ ಸುಲ್ತಾನಸಾಬರ ಕೈಕೆಳಗೆ ಬಡಗಿ ಕೆಲಸ ಮಾಡುತ್ತಿರುವುದು ನಿನಗೆ ಗೊತ್ತಿಲ್ಲ. ನಿನಗೆ ಗೊತ್ತಿರುವ ಬೀರಣ್ಣ ಕುರಿ ಕಾಯುವವನು. ಕಾಲುವೆ ನೀರು ಹರಿದ ಊರುಗಳಲ್ಲಿ ಈಗ ಎಲ್ಲರಿಗೂ ದೊಡ್ಡ ಮನೆ ಬೇಕು, ಛತ್ತಿನ ಅಂಚಿಗೆಲ್ಲ ಹೂಬಳ್ಳಿಯ ಕಟ್ಟಿಗೆ ಪಟ್ಟಿ ಬೇಕು. ಆ ಪಟ್ಟಿ ಕೊಯ್ಯಲು ಒಂದು ಮಶೀನಿದೆ, ಮೈಟರ್ ಮಶೀನು. ದುಂಡನೆಯ ಗರಗಸ. ಕೆಳಗಿನ ತಟ್ಟೆ ಎಡಕ್ಕೂ ಬಲಕ್ಕೂ ತಿರುಗುತ್ತದೆ, ಮೇಲಿನ ತಲೆ ಪಕ್ಕಕ್ಕೆ ವಾಲುತ್ತದೆ. ಎರಡೂ ಸೇರಿದರೆ ಎಂಥ ಓರೆಯನ್ನೂ ಕೊಯ್ಯಬಹುದು. ಮೂಲೆಯಲ್ಲಿ ಎರಡು ಪಟ್ಟಿ ಕೂಡಬೇಕಾದರೆ ಎರಡನ್ನೂ ನಲವತ್ತೈದು ಡಿಗ್ರಿಗೆ ಓರೆ ಕೊಯ್ಯಬೇಕು, ಎಡದ ತುದಿ ಒಂದು ಕಡೆಗೆ, ಬಲದ ತುದಿ ಎದುರು ಕಡೆಗೆ. ಬರೆಯಲು ಇಷ್ಟೇ. ನಮ್ಮ ಮನೆಯ ಕೆಲಸಕ್ಕೆಂದು ಸುಲ್ತಾನಸಾಬರು ಆ ಮಶೀನನ್ನು ಟಂಟಂ ಆಟೊದಲ್ಲಿ ಹಾಕಿಕೊಂಡು ತಾವೇ ದೇವಾಪುರಕ್ಕೆ ತಂದರು.

ಅಯ್ಯೋ, ನನ್ನ ಬೆರಳುಗಳ ಚಿಂತೆ ಹತ್ತಿತೇನೋ ನಿನಗೆ. ಹತ್ತೂ ಇವೆ. ಸುಲ್ತಾನಸಾಬರ ಶಿಸ್ತು ಅಂಥದ್ದು. "ಮಶೀನಿಗಿ ಕಣ್ಣಿಲ್ಲೋ ಬೀರಣ್ಣಾ. ಕಟಗಿ ಯಾವ್ದು, ಕೈ ಯಾವ್ದು ಅದಕ್ಕ ತಿಳಿಯಂಗಿಲ್ಲ. ನಿನಗ ತಿಳಿಬೇಕು" ಎಂದು ದಿನಾ ಬೆಳಿಗ್ಗೆ ಹೇಳುತ್ತಾರೆ. ಕೈ ಬ್ಲೇಡಿನಿಂದ ಗೇಣು ದೂರ. ಪಟ್ಟಿಯನ್ನು ಹಿಂದಿನ ಕಬ್ಬಿಣದ ಆಸರೆಗೆ ಒತ್ತಿ ಕ್ಲ್ಯಾಂಪು ಬಿಗಿಯಬೇಕು. ಬ್ಲೇಡು ಪೂರ್ತಿ ವೇಗಕ್ಕೆ ಬಂದ ಮೇಲೆಯೇ ನಿಧಾನ ಇಳಿಸಬೇಕು, ಕೊಯ್ದ ಮೇಲೆ ಅದು ಪೂರ್ತಿ ನಿಲ್ಲುವ ತನಕ ಎತ್ತಬಾರದು, ತುಂಡಿಗೆ ಕೈ ಹಾಕಬಾರದು. ಮೊದಲ ದಿನವೇ ನನ್ನ ಹೆಗಲ ರುಮಾಲು ತೆಗೆಸಿದರು, ಮಣಿಕಟ್ಟಿನ ಕರಿದಾರವನ್ನೂ ಬಿಚ್ಚಿಸಿದರು. ಅದು ಅವ್ವನಿಗೆ ಗೊತ್ತಾಗಿ ದೊಡ್ಡ ರಂಪ. ಕಡೆಗೆ ಅವ್ವ ಆ ಕರಿದಾರವನ್ನು ಮಶೀನಿಟ್ಟ ಮೇಜಿನ ಕಾಲಿಗೆ ಕಟ್ಟಿದಳು. ಅಪ್ಪ ಅದಕ್ಕಿಂತ ಮುಂದೆ ಹೋದ. ಮಶೀನು ತಿರುಗುತ್ತಿರುವಾಗಲೇ ಹಿಂದಿನಿಂದ ಬಂದು ಒಂದು ಹಿಡಿ ಭಂಡಾರ ಎರಚಿದ. ಆ ಗಾಳಿಗೆ ಅರಿಶಿನವೆಲ್ಲ ತಿರುಗಿ ನಮ್ಮ ಮುಖಕ್ಕೇ ಬಂತು. ಕನ್ನಡಕ ಹಾಕಿದ್ದಕ್ಕೆ ಕಣ್ಣು ಉಳಿದವು. ಸುಲ್ತಾನಸಾಬರ ಬಿಳಿ ಗಡ್ಡ ಎರಡು ದಿನ ಹಳದಿ ಇತ್ತು, ಪಾಪ, ಶುಕ್ರವಾರದ ನಮಾಜಿಗೂ ಹಾಗೇ ಹೋದರು. ಅವ್ವ ಈಗ ದಿನಾ ಸಂಜೆ "ಕೈ ತೋರ್ಸು" ಎಂದು ಬೆರಳು ಎಣಿಸಿದ ಮೇಲೆಯೇ ರೊಟ್ಟಿ ಹಾಕುತ್ತಾಳೆ. ಒಂದು ದಿನ ಎಣಿಕೆ ತಪ್ಪಿ ಒಂಬತ್ತೇ ಬಂದು ಓಣಿಯೆಲ್ಲ ಕೂಡಿತ್ತು.

ಬೆರಳು ಉಳಿದವು, ಪಟ್ಟಿ ಉಳಿಯಲಿಲ್ಲ. ಚೌಕಟ್ಟಿಗೆಂದು ಸುಲ್ತಾನಸಾಬರು ಹೈದರಾಬಾದಿನಿಂದ ತಂದಿಟ್ಟ ಬಂಗಾರ ಬಣ್ಣದ ಹೂವಿನ ಪಟ್ಟಿ ಕೊಟ್ಟಿದ್ದರು, ಮೂರೇ ಕೋಲು. ಅವರು ಶಹಾಪುರಕ್ಕೆ ಹೋದ ದಿನ ನೋಡಿ, ಒಬ್ಬನೇ ಮಾಡಿ ತೋರಿಸೋಣ ಎಂದು ಕೂತೆ. ಹಿಂದಿನ ದಿನ ಛತ್ತಿನ ಪಟ್ಟಿ ಕೊಯ್ಯಲು ಮಶೀನಿನ ತಲೆಯನ್ನು ವಾಲಿಸಿದ್ದೆ, ಅದನ್ನು ನೆಟ್ಟಗೆ ಮಾಡುವುದೇ ಮರೆತೆ. ಮೇಲಿಂದ ನೋಡಿದರೆ ಮೂಲೆ ಕೂಡಿದೆ, ಕೆಳಗೆ ಬಾಯಿ ಬಿಟ್ಟಿದೆ. ಹೋಯಿತು ಒಂದು ಕೋಲು. ಎರಡನೆಯದಕ್ಕೆ ತಲೆ ನೆಟ್ಟಗೆ ಮಾಡಿದೆ, ಆದರೆ ಎರಡೂ ತುದಿಯನ್ನು ಒಂದೇ ಕಡೆಗೆ ಓರೆ ಕೊಯ್ದೆ. ಅಂಥ ಪಟ್ಟಿ ಮೂಲೆಗೆ ಬರುವುದಿಲ್ಲ. ನನ್ನ ಹೆಂಡತಿ ಸುಂದ್ರಮ್ಮ ಬಾಗಿಲಲ್ಲಿ ನಿಂತು, "ಒಲಿಗೆ ಛಲೋ ಕಟಗಿ ಆಗಾಕತ್ತಾವ, ಹಂಗ ಕೊಯ್ರಿ" ಅಂದಳು. ಆ ಸಿಟ್ಟಿಗೆ ಮೂರನೆಯದನ್ನು ಎಚ್ಚರದಿಂದ ಮಾಡಿದೆ. ಹಾಳಾದ ಎರಡರಲ್ಲಿ ಉಳಿದ ನೆಟ್ಟನೆಯ ತುಂಡುಗಳನ್ನೂ ಸೇರಿಸಿಕೊಂಡು, ಕೋನ ಸರಿಯಾಗಿ, ಕ್ಲ್ಯಾಂಪು ಬಿಗಿದು ಕೊಯ್ದು ನಾಲ್ಕೂ ಬದಿ ಕೂಡಿಸಿದೆ. ಉಗುರು ಹೋಗದಷ್ಟು ಬಿಗಿ ಮೂಲೆ! ಸಂಜೆ ಸುಲ್ತಾನಸಾಬರು ಬಂದು ಉಗುರು ಆಡಿಸಿ "ಶಾಬಾಸ್" ಅಂದರು. ಆಮೇಲೆ ಫೋಟೊ ಇಟ್ಟು ನೋಡಿದರು. ಫೋಟೊ ಹೊರಗೇ ಉಳಿಯಿತು. ಫೋಟೊ ಕೂರುವುದು ಗಾಡಿಯಲ್ಲಿ, ಅಂದರೆ ಪಟ್ಟಿಯ ಒಳಗೆ ಕೊರೆದ ಸಾಲಿನಲ್ಲಿ, ಅಳತೆ ಒಳಗಿನ ಅಂಚಿಗೆ ಹಿಡಿಯಬೇಕು. ನಾನು ಹೊರಗಿನ ಅಂಚಿಗೆ ಹಿಡಿದಿದ್ದೆ. ಅಗಲದಲ್ಲಿ ನಾಲ್ಕು ಬೆರಳು ಕಡಿಮೆ. "ಕೊಯ್ಯೂದು ಕಲ್ತಿ. ಅಳೆಯೂದು ಯಾವಾಗ ಕಲಿತೀ?" ಎಂದು ಕೇಳಿ ಅವರು ಗೋಡೆಗೆ ಒರಗಿ ಕೂತುಬಿಟ್ಟರು. ಆ ಹೂವಿನ ಪಟ್ಟಿ ಸುರಪುರದಲ್ಲಿ ಇಲ್ಲ, ಯಾದಗಿರಿಯಲ್ಲೂ ಹುಡುಕಿಸಿದೆ, ಇಲ್ಲ.

ಅಂದರೆ ಫೋಟೊವನ್ನೇ ನಾಲ್ಕು ಬೆರಳು ಕತ್ತರಿಸಬೇಕು. ಎತ್ತರದಲ್ಲಿ ತೊಂದರೆಯಿಲ್ಲ, ಮೇಲೆ ಹಂದರದ ತೆಂಗಿನ ಗರಿ, ಕೆಳಗೆ ಜಮಖಾನ, ಅವು ಯಾರ ಸಂಬಂಧಿಕರೂ ಅಲ್ಲ. ಅಗಲದಲ್ಲಿ ನಾಲ್ಕು ಬೆರಳೆಂದರೆ ಸರಿಯಾಗಿ ಒಂದು ಆಳು. ಎರಡು ಕಡೆ ಎರಡೆರಡು ಬೆರಳು ತೆಗೆದರೆ ಇಬ್ಬರು ಅರ್ಧರ್ಧ ಆಗುತ್ತಾರೆ, ಹೊಸ ಮನೆಯಲ್ಲಿ ಅರ್ಧ ಮನುಷ್ಯರು ಅಪಶಕುನವಂತೆ. ಪಡಸಾಲೆಯಲ್ಲಿ ಪಂಚಾಯಿತಿ ಕೂಡಿತು. ದೊಡ್ಡತ್ತೆಯನ್ನು ನಡುವಿನಿಂದ ತೆಗೆದು ಎರಡು ಭಾಗ ಅಂಟಿಸಿದರೆ ಹೇಗೆ ಎಂದು ನಾನು ಕೇಳಿದ್ದಕ್ಕೆ ಗುರಣ್ಣನ ಹೆಂಡತಿ ಒಳಗೆ ಹೋಗಿ ಪಾತ್ರೆಗಳ ಜೊತೆ ಮಾತಾಡತೊಡಗಿದಳು. ಗುರಣ್ಣ ತಲೆ ತಗ್ಗಿಸಿ, "ಎಡಗಡಿ ತೆಗದ್ರ ಆತು. ಅಕ್ಕ ಹೆಂಗೂ ಬರಾಂಗಿಲ್ಲ, ನೋಡಾಂಗಿಲ್ಲ" ಅಂದ. ಅವನ ಮೇಲೆ ಸಿಟ್ಟಾಗಬೇಡ, ಅವನ ಕಣ್ಣಲ್ಲೂ ನೀರಿತ್ತು. ಅವ್ವ ಎದ್ದು ಬಂದು ಫೋಟೊವನ್ನು ಸುರುಳಿ ಸುತ್ತಿ, ಅದನ್ನು ಜೋಳದ ಚೀಲದ ಮೇಲಿಟ್ಟು, ಅದಕ್ಕೆ ಕೈಯೂರಿ ಕೂತಳು. ಮಧ್ಯಾಹ್ನದಿಂದ ದೀಪ ಹಚ್ಚುವ ತನಕ ಏಳಲಿಲ್ಲ. ಕಡೆಗೆ, ನಾನು ಸರಿ ಮಾಡುತ್ತೇನೆ ಎಂದು ಆಣೆ ಮಾಡಿ ಅವಳ ಕೈಯಿಂದ ಬಿಡಿಸಿಕೊಂಡೆ. ಸರಿ ಮಾಡಿಯೂ ಮಾಡಿದೆ. ಈಗ ಗಾಜು ಹಾಕಿ, ಹಿಂದೆ ಹಲಗೆ ಬಡಿದು, ಅಪ್ಪನ ಮೊಳೆಗೆ ನೇತು ಹಾಕಿದ್ದೇವೆ. ಬಂದವರೆಲ್ಲ ಮೂಲೆ ನೋಡಿ ಹೊಗಳುತ್ತಾರೆ, ನಾನು ಸುಮ್ಮನೆ ನಗುತ್ತೇನೆ.

ಮಾವನವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ಬೀರಲಿಂಗ ನಿನ್ನ ಮೊಣಕಾಲನ್ನು ಬೇಗ ಆರಾಮ ಮಾಡಲಿ. ಗುರುವಾರ ಬೆಳಿಗ್ಗೆ ಏಳರ ಬಸ್ಸು ಹಿಡಿದರೆ ಆರತಿಯ ಹೊತ್ತಿಗೆ ಬರುತ್ತೀ, ನಾನು ಸ್ಟ್ಯಾಂಡಿನಲ್ಲೇ ಇರುತ್ತೇನೆ.

ನಿನ್ನ ತಮ್ಮ,
ಬೀರಣ್ಣ

ತಾ.ಕ.: ಪೋಸ್ಟ್ ಆಫೀಸಿನಲ್ಲಿ ನಿಂತೇ ಬರೆಯುತ್ತಿದ್ದೇನೆ, ಗುಮಾಸ್ತರು ಗೋಂದಿನ ಡಬ್ಬಿ ಹಿಡಿದು ಅವಸರ ಮಾಡುತ್ತಿದ್ದಾರೆ. ಯಾರನ್ನು ಕತ್ತರಿಸಿದೆ ಎಂದು ಹೇಳಲಿಲ್ಲ. ನನ್ನನ್ನೇ. ನೀನು ಪೂರ್ತಿ ಇದ್ದೀ, ಸಿಟ್ಟಿನ ಸಮೇತ. ನನ್ನದು ಅಪ್ಪನ ಹೆಗಲ ಮೇಲೆ ಒಂದು ಕೈ ಮಾತ್ರ ಉಳಿದಿದೆ. ಅಪ್ಪ ನಿನ್ನೆ ಹತ್ತಿರ ಹೋಗಿ ನೋಡಿ, "ಇದು ಯಾರ ಕೈಯೋ?" ಅಂದ. ಅಕ್ಕಾ, ಆ ದಿನ ಫೋಟೊ ತೆಗೆಯುವವನ ಕಿವಿಯಲ್ಲಿ ನಿನ್ನನ್ನು ಎಬ್ಬಿಸಲು ಹೇಳಿದವನು ನಾನು. ದೊಡ್ಡತ್ತೆಗೆ ಕುರ್ಚಿ ಇಲ್ಲವೆಂದು ಬೀಗರು ಮುಖ ಊದಿಸಿದ್ದರು, ನಮ್ಮಕ್ಕನಲ್ಲವೇ, ನಡೆಯುತ್ತದೆ ಅಂದುಕೊಂಡೆ. ಅವ್ವನಿಗೆ ಅದು ಗೊತ್ತೇ ಇಲ್ಲ. ನೀನು ಅವಳನ್ನು ಬೈಯುವಾಗ ಹೆದರಿ ಸುಮ್ಮನಿದ್ದೆ, ನಾಲ್ಕು ವರ್ಷವೂ ಸುಮ್ಮನೇ ಇದ್ದೆ. ಬೈಯಲಿಕ್ಕಾದರೂ ಬಾ. ಅವ್ವನನ್ನಲ್ಲ, ನನ್ನನ್ನು.