ಶುಕ್ರವಾರದ ಒಂಬತ್ತನೆಯ ಕೈ

ಡೆಟ್ರಾಯಿಟ್
14 ಮಾರ್ಚ್ 1966

ಮುದ್ದಿನ ಓಜೆಲ್ಲಾ,

ನಿನ್ನ ಪತ್ರ ತಲುಪಿತು. ಅಟ್ಲಾಂಟಾದಲ್ಲಿ ಜನ ಎದ್ದು ನಿಂತು ನಿನ್ನ ಜೊತೆ ಹಾಡಿದ್ದನ್ನು ಓದಿ ತುಂಬಾ ಸಂತೋಷವಾಯಿತು ಎಂದು ಬರೆಯಬೇಕಂತೆ, ಅಮ್ಮನ ಅಪ್ಪಣೆ. ಬರೆದಿದ್ದೇನೆ. ನಿಜ ಹೇಳಲೇ? ಹೊಟ್ಟೆ ಉರಿಯುತ್ತಿದೆ. ಬಸ್ಸು, ಕ್ಷೌರದಂಗಡಿ, ಮೇಲಿನ ಮನೆಯ ರೇಡಿಯೋ, ಎಲ್ಲಿ ಹೋದರೂ ನಿನ್ನ ಅದೇ ಹಾಡು. ನಿನ್ನೆ ಚರ್ಚಿನಲ್ಲಿ ಮಿಸೆಸ್ ಪರ್ಡಿ ನನ್ನ ಕೈ ಹಿಡಿದು, "ನಿನ್ ತಂಗಿ ಹಾಡು ಕೇಳಿದ್ರೆ ಮೈ ಜುಂ ಅನ್ನುತ್ತೆ ಕಣಮ್ಮ. ನೀನೂ ಹಾಡ್ತೀಯಾ?" ಎಂದು ಕೇಳಿದರು. ವರ್ಷಗಳಿಂದ ಅದೇ ಚರ್ಚಿನಲ್ಲಿ ಅವರ ಕಣ್ಣೆದುರೇ ನಿಂತು ಹಾಡುತ್ತಿದ್ದೇನೆ!

ಆ ಹಾಡನ್ನು ನಮ್ಮ ರೆಕಾರ್ಡ್ ಕಂಪನಿಯವರು ಮೊದಲು ಕೊಟ್ಟದ್ದು ನನಗೆ, ಮರೆಯಬೇಡ. ವಾದ್ಯದವರು ನುಡಿಸಿದ್ದು ಒಂದೇ ಸಲ. ಆ ಟೇಪಿನ ಮೇಲೆಯೇ ಸೋಮವಾರ ನಾನು ಹಾಡಿದೆ, ಬುಧವಾರ ನೀನು ಹಾಡಿ ಪ್ರವಾಸಕ್ಕೆ ಹೊರಟೆ. ರೆಕಾರ್ಡ್ ಆಗಿ ಅಂಗಡಿಗೆ ಬರುವುದು ಒಬ್ಬಳದೇ ಎಂದು ಇಬ್ಬರಿಗೂ ಗೊತ್ತಿತ್ತು.

ಅದೇ ವಾರ, ಎರಡರಲ್ಲಿ ಒಂದನ್ನು ಆರಿಸುವ ಶುಕ್ರವಾರದ ಸಭೆಯಲ್ಲಿ ಒಂಬತ್ತು ಜನ ಇದ್ದೆವು. ನಾನು ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುವವಳೂ ಹೌದಲ್ಲ, ನನಗೂ ಕುರ್ಚಿ ಉಂಟು. ಯಜಮಾನ ಟಾಲಿವರ್ ದೊಡ್ಡ ಸ್ಪೀಕರ್ ಮುಟ್ಟಲಿಲ್ಲ. ಹಳೇ ಕಾರಿನಿಂದ ಕಿತ್ತು ತಂದಿದ್ದಾರಲ್ಲ, ಆ ಪುಟ್ಟದರಲ್ಲೇ ಎರಡನ್ನೂ ಕೇಳಿಸಿದರು. ಅದರಲ್ಲಿ ಅಕ್ಕ ಯಾರು, ತಂಗಿ ಯಾರು ಎಂದೇ ತಿಳಿಯುವುದಿಲ್ಲ. ಯಾರದು ಯಾವುದು ಎಂದು ಅವರೂ ಬಾಯಿ ಬಿಡಲಿಲ್ಲ. "ಕಾರಲ್ಲಿ ಕೂತು ಕೇಳೋನಿಗೆ ಹೆಸರು ಯಾತಕ್ಕೆ? ಸುಮ್ನೆ ಕೈ ಎತ್ರಪ್ಪ" ಎಂದರು.

ಮೊದಲನೆಯದಕ್ಕೆ ನಾಲ್ಕು ಕೈ. ಎರಡನೆಯದಕ್ಕೂ ನಾಲ್ಕು. ಉಳಿದ ಒಂದು ಕೈ ಸ್ವಲ್ಪ ತಡೆದು ಎರಡನೆಯದಕ್ಕೆ ಎದ್ದಿತು. ಆ ಎರಡನೆಯ ಟೇಪಿನ ಡಬ್ಬ ತಿರುಗಿಸಿದರೆ ನಿನ್ನ ಹೆಸರು.

ಆ ಕೊನೆಯ ಕೈ ಯಾರದು, ಅವರಿಗೊಂದು ಒಳ್ಳೆಯ ಕೈಚೀಲ ಕಳಿಸುತ್ತೇನೆ ಎಂದು ಬರೆದಿದ್ದೀಯ. ಸಭೆಯ ಮಾತು ಹೊರಗೆ ಆಡುವಂತಿಲ್ಲ. ಯಾರೋ ಸಂಗೀತ ಬಲ್ಲವರು ಎಂದುಕೋ.

ನಿನ್ನ ಮುಂದಿನ ಹಾಡಿಗೆ ಹಿಂದೆ ನಿಂತು ಊ ಊ ಎಂದು ದನಿಗೂಡಿಸಲು ನನ್ನನ್ನೇ ಕರೆದಿದ್ದಾರೆ. ಹೋಗುತ್ತೇನೆ. ಗಂಟಲಿಗೆ ಬೆಚ್ಚಗೆ ಏನಾದರೂ ಸುತ್ತಿಕೋ.

ನಿನ್ನ ಅಕ್ಕ,
ವರ್ಲೀನ್

ತಾ.ಕ.: ಕೈಚೀಲ ಕಳಿಸಬೇಡ. ಆ ಕೈ ನನ್ನದು. ಮೊದಲನೆಯದು ನಿನ್ನದೆಂದುಕೊಂಡು, ಅಯ್ಯೋ ಪಾಪ, ನಮ್ಮ ಹುಡುಗಿಗೆ ಇನ್ನೂ ದನಿ ಏರುವುದಿಲ್ಲ ಎಂದು ಒಳಗೊಳಗೇ ನಕ್ಕಿದ್ದೆ. ಎರಡನೆಯದು ನನ್ನದೆಂದೇ ಕೈ ಎತ್ತಿದೆ.