ಹೂಂ ಅಂದರೆ ಒಪ್ಪಿಗೆಯಲ್ಲ

ಇಸವಿ ಎರಡು ಸಾವಿರದ ಮುನ್ನೂರ ಹನ್ನೆರಡು, ಹದಿಮೂರನೆಯ ತಿಂಗಳು, ಸೊನ್ನೆಯ ತಾರೀಕು

ಹಿಂದಿನವರಿಗೆ,

ತಾರೀಕು ನೋಡಿ ನಗಬೇಡಿ. ಬಿಸಿಲು ತಾಳಲಾಗದ ದಿನಗಳನ್ನೆಲ್ಲ ವರ್ಷದಿಂದ ಕಿತ್ತು ಹದಿಮೂರನೆಯ ತಿಂಗಳೆಂದು ಬೇರೆ ಇಟ್ಟಿದ್ದೇವೆ. ಅದರ ಮೊದಲ ದಿನವೇ ಸೊನ್ನೆ. ನನ್ನ ಮಾತು ವಿಚಿತ್ರವಾಗಿ, ಒರಟಾಗಿ ಕಂಡರೆ ಮನ್ನಿಸಿ. ಮೂರನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ನಯವಾಗಿ ಬರೆಯುವಷ್ಟು ತಾಳ್ಮೆಯೂ ಇಲ್ಲ.

ನಿಮ್ಮ ತುಂಗಭದ್ರೆ ಅಣೆಕಟ್ಟಿನ ನೀರು ನಿಂತಿದ್ದ ತಳದಲ್ಲಿ ಈಗ ನಮ್ಮ ಊರಿದೆ. ಇಲ್ಲಿ ಬಾಗಿಲಿಗೆ ಅಗುಳಿಯಿಲ್ಲ. ಬಾಗಿಲೇ ಪ್ರಶ್ನೆ ಕೇಳುತ್ತದೆ, ಸರಿಯಾಗಿ ಉತ್ತರಿಸಿದರೆ ತೆರೆಯುತ್ತದೆ. ಅದಕ್ಕೆ ನುಡಿಗದ ಅನ್ನುತ್ತೇವೆ. ನೀರಿನ ನಲ್ಲಿಯೂ ಹಾಗೇ, ಅಂಬಲಿ ಬರುವ ಕೊಳವೆಯೂ ಹಾಗೇ. ನನ್ನ ತಮ್ಮ ದುರುಗಪ್ಪನಿಗೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಸ್ವಂತ ಮನೆಯ ಬಾಗಿಲೇ ಅವನಿಗೆ ವೈರಿಯಾಯಿತು.

ಅವನ ಕಿವಿ ಕೆಟ್ಟಿಲ್ಲ, ಬುದ್ಧಿಯೂ ಕೆಟ್ಟಿಲ್ಲ. ಚೆಂಬು ಅಂದರೆ ಚೆಂಬನ್ನೇ ಕೊಡುತ್ತಾನೆ. ಎರಡು ಚಿತ್ರ ಬರೆದು ಮುಂದಿಟ್ಟು 'ಮಲ್ಲ ತಿಮ್ಮನನ್ನು ತಳ್ಳಿದ' ಅಂದರೆ ಸರಿಯಾದ ಚಿತ್ರವನ್ನೇ ಮುಟ್ಟುತ್ತಾನೆ. 'ತಿಮ್ಮನನ್ನು ಮಲ್ಲ ತಳ್ಳಿದ' ಅಂತ ತಿರುಗಿಸಿದಿರೋ, ತಳ್ಳಿದವನು ತಿಮ್ಮನಾಗುತ್ತಾನೆ. ಮೊದಲು ಕಿವಿಗೆ ಬಿದ್ದವನೇ ಮಾಡಿದವನು. ಹೆಸರಿನ ಬಾಲಕ್ಕೆ ಅಂಟಿದ 'ಅನ್ನು', 'ಇಂದ', 'ಗೆ' ಎಲ್ಲ ಅವನ ತಲೆಯೊಳಗೆ ಉದುರಿಹೋಗುತ್ತವೆ.

ನಮ್ಮಲ್ಲಿ ಯಾರಾದರೂ ಮಾತಾಡುವಾಗ ಕೇಳುವವರು ಹೂಂಗುಟ್ಟಬೇಕು. ಅವ್ವ ಕಥೆ ಹೇಳುವಾಗ ನಮ್ಮ ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕೇಳುತ್ತಿದ್ದೇನೆ ಅಂತ ಅದರ ಅರ್ಥ, ಅಷ್ಟೇ. ದುರುಗಪ್ಪನಲ್ಲಿ ಆ ಮರ್ಯಾದೆ ಮಾತ್ರ ಗಟ್ಟಿಯಾಗಿ ಉಳಿದಿತ್ತು.

ಮೊನ್ನೆ ಒಪ್ಪಿಗೆ ಕಟ್ಟೆಯ, ಅಂದರೆ ಜನರ ಒಪ್ಪಿಗೆಗೆ ಮುದ್ರೆ ಒತ್ತುವ ಕಚೇರಿಯ, ಅಧಿಕಾರಿ ಬಂದ. ನುಡಿಗದಕ್ಕೆ ಉತ್ತರಿಸಲಾಗದವರನ್ನು ಮೌನದ ಮನೆಗೆ ಸಾಗಿಸುವುದು ಅವನ ಕೆಲಸ. ಅಲ್ಲಿಗೆ ಹೋದವರನ್ನು ಮತ್ತೆ ನೋಡುವಂತಿಲ್ಲ. ಆದರೆ ಹೋಗುವವರೇ ಒಪ್ಪಬೇಕು. ಅವನು ಓದಿದ: "ಅಕ್ಕನನ್ನು ಬಿಟ್ಟು ಮೌನದ ಮನೆಗೆ ಹೋಗಲು ನೀನು ಒಪ್ಪುತ್ತೀಯಾ?"

ದುರುಗಪ್ಪ ಅವನ ಬಾಯನ್ನೇ ನೋಡುತ್ತ "ಹೂಂ" ಅಂದ. ಮುದ್ರೆ ಬಿತ್ತು.

ನಾನು ಕೂಗಾಡಿದೆ. ತುಂಡು ತುಂಡಾಗಿ ಕೇಳಯ್ಯಾ, ಹೋಗುವವನ ಹೆಸರು ಮೊದಲು ಹೇಳು, ದುರುಗಪ್ಪ ಹೋಗ್ತಾನೇನು, ಅಕ್ಕ ಇಲ್ಲೇ ಇರ್ತಾಳೇನು ಅಂತ ಕೇಳು ಅಂದೆ. ಬರೆದ ವಾಕ್ಯ ಮುರಿದರೆ ಒಪ್ಪಿಗೆ ಕೆಡುತ್ತದಂತೆ. ಓದಿದ ಕತ್ತೆ.

ಗಾಡಿ ಹತ್ತಿಸುವಾಗ ತಮ್ಮ ನನ್ನ ಸೆರಗು ಹಿಡಿದುಕೊಂಡ. ಅಳುತ್ತಿದ್ದ.

"ಅಕ್ಕಾ... ನೀ... ಬಿಟ್ಟು ಹೊಂಟಿ."

ಆಗ ತಿಳಿಯಿತು. ಆ ವಾಕ್ಯದಲ್ಲಿ ಮೊದಲು ಬಂದದ್ದು ಅಕ್ಕ. ಬಿಟ್ಟು ಹೋಗುವವಳೂ ಅಕ್ಕನೇ ಆದಳು. ಅಕ್ಕ ಬಿಡಲ್ಲ ಅಂತ ಎರಡೇ ಮಾತು ಹೇಳಬೇಕಿತ್ತು. ಅಷ್ಟರಲ್ಲಿ ಗಾಡಿಯ ಬಾಗಿಲು ಮುಚ್ಚಿತು. ಮುಚ್ಚಿ, ನನ್ನನ್ನು ಏನೋ ಕೇಳಿತು. ಆ ಹೊತ್ತಿನಲ್ಲಿ ನನಗೂ ಒಂದಕ್ಷರ ಅರ್ಥವಾಗಲಿಲ್ಲ. ತನ್ನನ್ನು ನಾನೇ ಕೈಬಿಟ್ಟೆ ಅಂದುಕೊಂಡೇ ಅವನು ಅಲ್ಲಿ ಸಾಯುತ್ತಾನೆ.

ನಿಮ್ಮ ಕಾಲದಲ್ಲಿ ನುಡಿಗದ ಇನ್ನೂ ಹುಟ್ಟಿಲ್ಲ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಚಿಕ್ಕದಾಗಿ ಹೇಳಿ, ಮಾಡುವವರನ್ನು ಮೊದಲು ಹೇಳಿ. ಹೂಂ ಅಂದರೆ ನಂಬಬೇಡಿ, ಬೇರೆ ಥರ ತಿರುಗಿಸಿ ಮತ್ತೆ ಕೇಳಿ. ನೀವು ಹೀಗೆ ಮಾಡುವುದಿಲ್ಲ, ಗೊತ್ತು. ಮಾಡಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ. ಇದನ್ನೂ ನೀವು ಹೂಂ ಹೂಂ ಅನ್ನುತ್ತಲೇ ಓದಿ ಮುಗಿಸಿರುತ್ತೀರಿ.

ದುರುಗಪ್ಪನ ಅಕ್ಕ,
ಹುಲಿಗೆವ್ವ